ಎರೆ ಹೊಲದಲ್ಲಿ ಎಂಟು ದಿನದ ಮಂದೆ

ಕಳೆದ ತಿಂಗಳು ಚಿಕ್ಕಬಳ್ಳಾಪುರದಲ್ಲಿ ಒಂದು ಮದುವೆ ಮುಗಿಸಿಕೊಂಡು ಬರುವಾಗ ಕೊಡಿಕೊಂಡದ ಚೆಕ್‌ಪೋಸ್ಟಿನ ಹತ್ತಿರ ಕಾರು ನಿಲ್ಲಿಸಿದರು. ಮೊಮ್ಮಗಳು ಟೀ ತರಲು ಇಳಿದಳು. ಸ್ವಲ್ಪ ಹೊತ್ತಿನ ಹಿಂದೆ ಸಣ್ಣ ಮಳೆ ಬಿದ್ದು ನಿಂತಿತ್ತು. ನಾನು ಕಿಟಕಿ ಇಳಿಸಿದೆ. ಇಳಿಸಿದ ಕೂಡಲೇ ಆ ವಾಸನೆ ಬಂತು. ಲಾರಿಗಳ ಸಾಲಿನ ಆಚೆ ಒಂದು ಕೆಮ್ಮಣ್ಣಿನ ಹೊಲದಲ್ಲಿ ಯಾರೋ ಕುರಿ ಮಂದೆ ನಿಲ್ಲಿಸಿ ಬೆಳಿಗ್ಗೆ ಎಬ್ಬಿಸಿಕೊಂಡು ಹೋಗಿದ್ದರು. ನೆನೆದ ಹಿಕ್ಕೆ, ಗಂಜಲ, ಮಣ್ಣು ಮೂರೂ ಕಲೆತ ವಾಸನೆ. ಮೊಮ್ಮಗಳು ಮೂಗು ಹಿಡಿದುಕೊಂಡು ಬಂದು "ಕಿಟಕಿ ಹಾಕಜ್ಜಿ" ಅಂದಳು. ನಾನು ಹಾಕಲಿಲ್ಲ. ಇಳಿದು ಹೊಲದ ಬದುವಿನ ತನಕ ನಡೆದೆ. ನನ್ನ ಎಂಬತ್ತು ದಾಟಿದ ಕಾಲುಗಳಿಗೆ ಅದು ದೂರವೇ. ಆದರೆ ಆ ವಾಸನೆ ಬಂದರೆ ನನಗೆ ಕೂರಲು ಆಗುವುದಿಲ್ಲ, ಏನೋ ಬಿಟ್ಟು ಬಂದಿದ್ದೇನೆ, ಯಾರೋ ಕಾಯುತ್ತಿದ್ದಾರೆ ಅನ್ನಿಸುತ್ತದೆ. ಅದು ನಾನು ಮದುವೆಯಾದ ವರ್ಷದಿಂದ ಬಂದದ್ದು.

ನನಗಾಗ ಹದಿನೇಳು. ಆಂಧ್ರ ಇನ್ನೂ ಬೇರೆಯಾಗಿರಲಿಲ್ಲ, ನಾವೆಲ್ಲ ಮದ್ರಾಸಿಗೆ ಸೇರಿದವರು. ನನ್ನ ತವರು ಹಿಂದೂಪುರದಿಂದ ಎರಡು ಹರದಾರಿ ದೂರದ ಹಳ್ಳಿ. ಅಪ್ಪನಿಗೆ ಕೆರೆಯ ಕೆಳಗೆ ಗದ್ದೆ, ದಿಬ್ಬದ ಮೇಲೆ ರಾಗಿ ಹೊಲ. ಮಾಘ ಮಾಸದಲ್ಲಿ ನನ್ನನ್ನು ಕಲ್ಯಾಣದುರ್ಗದ ಆಚೆ, ಬ್ರಹ್ಮಸಮುದ್ರದ ದಾರಿಯಲ್ಲಿರುವ ಒಂದು ಊರಿಗೆ ಕೊಟ್ಟರು. ಆ ಮನೆಯಲ್ಲಿದ್ದವರು ಇಬ್ಬರೇ, ಅತ್ತೆ ಗಂಗಮ್ಮ ಮತ್ತು ನನ್ನ ಗಂಡ ಮಲ್ಲಣ್ಣ. ಮಾವ ತೀರಿಹೋಗಿ ಆರು ವರ್ಷವಾಗಿತ್ತು. ಅಂದಿನಿಂದ ಬೇಸಾಯವೆಲ್ಲ ಅತ್ತೆಯ ಕೈಯಲ್ಲಿ. ಯಾವ ಹೊಲಕ್ಕೆ ಏನು ಬಿತ್ತಬೇಕು, ಯಾವತ್ತು ಕೂರಿಗೆ ಹೂಡಬೇಕು ಅನ್ನುವುದನ್ನು ಅವರೇ ಹೇಳುವವರು. ಹೆಚ್ಚು ಮಾತಿಲ್ಲದ ಹೆಂಗಸು. ನನ್ನನ್ನು 'ಅಮ್ಮಾಯಿ' ಅಂತ ಕರೆಯುತ್ತಿದ್ದರು. ಬೈದದ್ದು ನೆನಪಿಲ್ಲ.

ಆದರೂ ಆ ಊರಲ್ಲಿ ನನಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಎತ್ತ ನೋಡಿದರೂ ಕಪ್ಪು ಎರೆ ಮಣ್ಣು, ಅದರ ಮೇಲೆ ನಿಲ್ಲದ ಗಾಳಿ. ಒಂದು ತೆಂಗಿನ ಮರವಿಲ್ಲ. ಕೆರೆ ಏರಿಯ ಮೇಲೆ ಓಡಾಡಿ ಬೆಳೆದವಳಿಗೆ ನೀರಿನ ಸದ್ದಿಲ್ಲದ ಊರು ಹೇಗಿರುತ್ತದೆ ಹೇಳಿ. ಮುದ್ದೆ ಬದಲು ಜೋಳದ ರೊಟ್ಟಿ. ನನ್ನ ಕೈಯಲ್ಲಿ ಅದು ತಟ್ಟುತ್ತಲೇ ಹರಿದುಹೋಗುತ್ತಿತ್ತು. ಊರಿನಿಂದ ಅರ್ಧ ಮೈಲಿ ಆಚೆ ರಸ್ತೆ. ಇದ್ದಿಲು ಉರಿಸಿ ಓಡುವ ಬಸ್ಸೊಂದು ಮಧ್ಯಾಹ್ನದ ಹೊತ್ತಿಗೆ ಕಲ್ಯಾಣದುರ್ಗದಿಂದ ಬಂದು ಬ್ರಹ್ಮಸಮುದ್ರಕ್ಕೆ ಹೋಗಿ, ಮತ್ತೆ ಅದೇ ದಾರಿಯಲ್ಲಿ ಮರಳುತ್ತಿತ್ತು. ಸೌದೆಗೆ ಅಂತಲೋ, ಬೆರಣಿಗೆ ಅಂತಲೋ ನೆಪ ಮಾಡಿಕೊಂಡು ಆ ಬಸ್ಸು ನೋಡಲು ಹೋಗುತ್ತಿದ್ದೆ. ಅದು ದೂಳೆಬ್ಬಿಸಿಕೊಂಡು ಹೋದ ಮೇಲೆ ಮನೆಗೆ ಬಂದು ಅಂಗಳ ಗುಡಿಸುತ್ತಿದ್ದೆ. ಗುಡಿಸಿದ್ದನ್ನೇ ಮತ್ತೆ ಗುಡಿಸುತ್ತಿದ್ದೆ.

ಯುಗಾದಿಗೆ ಅಪ್ಪ ನನ್ನನ್ನು ನೋಡಲು ಬಂದ. ಬಂದವನು ಕಾಲು ತೊಳೆದು ಬೆಲ್ಲ ನೀರು ಕುಡಿದು, ಹೊಲ ನೋಡಬೇಕು ಅಂದ. ಮಲ್ಲಣ್ಣ ಕರೆದುಕೊಂಡು ಹೋದರು, ನಾನೂ ಹಿಂದೆ ಹೋದೆ. ಊರ ಹೊರಗೆ ಬಂಡೆಯ ಮೇಲೆ ಕುರಿ ರೊಪ್ಪ ಇತ್ತು. ಸುತ್ತ ಕಲ್ಲು ಜೋಡಿಸಿ, ಮೇಲೆ ಜಾಲಿ ಮುಳ್ಳು ಹೊದಿಸಿದ ದೊಡ್ಡಿ ಅದು. ಕುರುಬರ ಕಾಟಪ್ಪ, ಅವನ ಹೆಂಡತಿ ಮಾರಕ್ಕ ನೂರಿಪ್ಪತ್ತು ಕುರಿ ಸಾಕಿಕೊಂಡಿದ್ದರು. ಕುರಿಗಳೆಲ್ಲ ಆ ರೊಪ್ಪದಲ್ಲೇ ಮಲಗುತ್ತಿದ್ದವು. ಹಿಕ್ಕೆಯನ್ನು ಗುಡಿಸಿ ಪಕ್ಕದಲ್ಲಿ ರಾಶಿ ಹಾಕಿ, ಬೂದಿ ಬೆರೆಸಿ, ಒಂದು ವರ್ಷ ಕೊಳೆಯಲು ಬಿಡುವುದು. ವರ್ಷ ತುಂಬಿದ ಮೇಲೆ ಊರಿನ ಮನೆಮನೆಗೆ ಹಂಚುವುದು, ಅವರು ಅದನ್ನು ಹೊಲದಲ್ಲಿ ಮಂಕರಿಯಿಂದ ತೆಳ್ಳಗೆ ಎರಚುವುದು. ಸುಗ್ಗಿಯಲ್ಲಿ ಪ್ರತಿ ಮನೆಯಿಂದಲೂ ಕಾಟಪ್ಪನಿಗೆ ಜೋಳ ಹೋಗುತ್ತಿತ್ತು. ಇದು ಆ ಕಡೆಯ ಪದ್ಧತಿ.

ಅಪ್ಪ ಆ ರಾಶಿಯನ್ನು ಕಾಲಲ್ಲಿ ಕೆದಕಿ ನೋಡಿದ.

"ಇದೇನಪ್ಪ ಇದು, ಬೂದಿ ಆಗೋಗೈತಲ್ಲ. ಹಿಕ್ಕೆ ಬಿಸಿಬಿಸಿ ಮಣ್ಣಿಗೆ ಬೀಳ್ಬೇಕು. ಗಂಜಲ ಎಲ್ಲಾ ಬಂಡೆ ಕುಡೀತಾ ಐತೆ" ಅಂದ.

ಮಲ್ಲಣ್ಣ ಮೆಲ್ಲಗೆ, "ಈ ಕಡೆ ಹಿಂಗೇ ಮಾವ" ಅಂದರು.

"ನಮ್ಮ ಕಡೆ ಹೊಲದಲ್ಲೇ ಮಂದೆ ನಿಲ್ಲಿಸ್ತೀವಿ. ಎಂಟು ದಿನ ನಿಲ್ಲಿಸಿ, ಒಂಬತ್ತನೇ ದಿನ ಹೊತ್ತು ಏರೋದ್ರೊಳಗೆ ಉತ್ತುಬಿಡೋದು. ಮೂರು ವರ್ಷ ಇನ್ನ ಗೊಬ್ಬರ ಅನ್ನೋ ಹಂಗಿಲ್ಲ."

ಅಪ್ಪ ಹೊರಟು ಹೋದ. ಆದರೆ ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಉಳಿಯಿತು ಅನ್ನುವುದಕ್ಕಿಂತ, ನನಗೆ ಹಿಡಿದುಕೊಳ್ಳಲು ಏನೋ ಒಂದು ಸಿಕ್ಕಿತು. ಆ ಊರಲ್ಲಿ ನನಗೆ ಗೊತ್ತಿದ್ದದ್ದು ಯಾವುದೂ ಕೆಲಸಕ್ಕೆ ಬರುತ್ತಿರಲಿಲ್ಲ. ರೊಟ್ಟಿ ಬಾರದು, ಹತ್ತಿ ಬಿಡಿಸಲು ಬಾರದು, ಅವರ ತೆಲುಗು ಕಲೆತ ಮಾತು ಅರ್ಧ ತಿಳಿಯದು. ಆದರೆ ಮಂದೆ ನಿಲ್ಲಿಸುವುದು ಗೊತ್ತಿತ್ತು. ಚಿಕ್ಕಂದಿನಿಂದ ನೋಡಿದ್ದೆ. ಬೇಲಿಯ ತಡಿಕೆಯನ್ನು ದಿನಾ ಎಷ್ಟು ಮಾರು ಸರಿಸಬೇಕು ಅನ್ನುವುದೂ ಬಾಯಿಪಾಠ.

ವೈಶಾಖದಲ್ಲಿ ನನ್ನ ನಾದಿನಿಗೆ ಹೆರಿಗೆಯೆಂದು ಅತ್ತೆ ರಾಯದುರ್ಗದ ಕಡೆಗೆ ಹೋದರು. ಎರಡು ವಾರ ಬರುವುದಿಲ್ಲ ಅಂದಿದ್ದರು. ಮರುದಿನವೇ ನಾನು ಮಲ್ಲಣ್ಣನ ಹಿಂದೆ ಬಿದ್ದೆ.

"ರಸ್ತೆ ಕಡೆ ಹೊಲಕ್ಕೆ ಮಂದೆ ನಿಲ್ಲಿಸಾಣ. ಎಂಟೇ ದಿನ."

"ಅವ್ವ ಇಲ್ದಾಗ ಬ್ಯಾಡ."

"ಅತ್ತೆ ಬರೋದ್ರೊಳಗೆ ಉತ್ತುಬಿಡಾಣ. ಪೈರು ನೋಡಿದ ಮೇಲೆ ಅವರೇ ಒಪ್ಕೋತಾರೆ."

ಅವರಿಗೆ ಇಷ್ಟವಿರಲಿಲ್ಲ. ಆದರೆ ನಾನು ಮೂರು ತಿಂಗಳಲ್ಲಿ ಮೊದಲ ಸಲ ಏನನ್ನೋ ಕೇಳಿದ್ದೆ, ನಕ್ಕು ಕೇಳಿದ್ದೆ. ಸಂಜೆ ಅವರೇ ಹೋಗಿ ಕಾಟಪ್ಪನನ್ನು ಕರೆದುಕೊಂಡು ಬಂದರು. ಕಾಟಪ್ಪ ಕಂಬಳಿ ಹೊದ್ದು ಜಗಲಿಯ ಕೆಳಗೆ ನಿಂತ. ಅವನ ಹೆಂಡತಿ ಮಾರಕ್ಕ ಹಿಂದೆ ನಿಂತಿದ್ದಳು, ಗಂಡನಿಗಿಂತ ಎತ್ತರದ ಹೆಂಗಸು.

"ಈ ಕಡೆ ಯಾರೂ ಹಂಗೆ ನಿಲ್ಲಿಸಲ್ಲ ತಾಯಿ" ಅಂದ ಕಾಟಪ್ಪ. "ಎರೆ ಮಣ್ಣು. ಉಷ್ಣ ಆಯ್ತದೆ."

"ನಮ್ಮ ಕಡೆ ಎಲ್ಲರೂ ನಿಲ್ಲಿಸ್ತಾರೆ. ಎಂಟು ದಿನವೂ ನಿಮ್ಮಿಬ್ಬರಿಗೂ ಊಟ ನಮ್ಮನೇದೇ" ಅಂದೆ.

ಮಾರಕ್ಕ ಗಂಡನ ಪಕ್ಕಕ್ಕೆ ಬಂದಳು. "ಗಂಗಮ್ಮನೋರಿಗೆ ತಿಳಿದೈತಾ?" ಅಂತ ಕೇಳಿದಳು. ನಾನು ಮಲ್ಲಣ್ಣನ ಮುಖ ನೋಡಿದೆ. ಅವರು "ನಾನು ಹೇಳ್ತಾ ಇದೀನಲ್ಲ" ಅಂದರು.

ಎಂಟು ದಿನ ನಾನು ಬಸ್ಸು ನೋಡಲು ಹೋಗಲಿಲ್ಲ. ಸಂಜೆ ಕುರಿಗಳು ಬರುವ ಹೊತ್ತಿಗೆ ರೊಟ್ಟಿಯ ಗಂಟು ಹಿಡಿದು ಹೊಲದ ಬದುವಿನಲ್ಲಿ ಇರುತ್ತಿದ್ದೆ. ಬೆಳಿಗ್ಗೆ ಎದ್ದ ಕೂಡಲೇ ಹೋಗಿ, ಕುರಿ ಮಲಗಿದ ಜಾಗ ಕರ್ರಗೆ ಒದ್ದೆಯಾಗಿರುವುದನ್ನು ನೋಡುತ್ತಿದ್ದೆ. ತಡಿಕೆ ಎಲ್ಲಿಗೆ ಸರಿಸಬೇಕು ಅಂತ ನಾನೇ ತೋರಿಸುತ್ತಿದ್ದೆ. ಒಂದೂವರೆ ಎಕರೆಯ ಹೊಲ, ಒಂದು ಗೇಣು ಬಿಡಲಿಲ್ಲ. ಒಂಬತ್ತನೆಯ ದಿನ ಮಲ್ಲಣ್ಣ ನೇಗಿಲು ಹೂಡಿದರು. ಆ ವಾಸನೆ ಊರಿಗೆಲ್ಲ ಹರಡಿತು. ದಾರಿಯಲ್ಲಿ ಹೋಗುವವರು ನಿಂತು ನೋಡಿ ಹೋಗುತ್ತಿದ್ದರು.

ಅತ್ತೆ ಬಂದವರು ಗಂಟು ಇಳಿಸಿ ನೇರ ಹೊಲಕ್ಕೇ ಹೋದರು. ಯಾರು ಹೇಳಿದರೋ, ವಾಸನೆಯೇ ಹೇಳಿತೋ. ನಾನು ಹಿಂದೆ ಓಡಿದೆ. ಒಂದು ಹೆಂಟೆ ಎತ್ತಿಕೊಂಡು ಮೂಸಿ, ಪುಡಿ ಮಾಡಿ, ಕೈ ಕೊಡವಿಕೊಂಡರು.

"ಎಷ್ಟು ದಿನ?"

"ಎಂಟು ದಿನ, ಅತ್ತೆ."

"ನಾನೇ ನಿಲ್ಲಿಸಿದ್ದು ಕಣವ್ವ" ಅಂದರು ಹಿಂದಿನಿಂದ ಬಂದ ಮಲ್ಲಣ್ಣ.

ಅತ್ತೆ ಮಗನ ಕಡೆ ನೋಡಲೂ ಇಲ್ಲ. "ನಿಮ್ಮಪ್ಪನ ಹೊಲದ ಮೇಲೆ ಕೆರೆ ಐತೆ ಅಮ್ಮಾಯಿ" ಅಂತ ನನಗೆ ಹೇಳಿ ಮನೆಗೆ ನಡೆದರು.

ಅದರ ಅರ್ಥ ನನಗೆ ಆಗ ಆಗಲಿಲ್ಲ. ಸಿಟ್ಟು ಬಂತು. ಬೈದಿದ್ದರೂ ಆಗುತ್ತಿತ್ತು.

ಮಳೆ ಹದವಾಗಿ ಬಂತು. ಜೋಳ ಬಿತ್ತಿದರು. ನಮ್ಮ ಹೊಲದ ಪೈರು ಮೂರೇ ವಾರಕ್ಕೆ ಬೇರೆ ಹೊಲಗಳಿಗಿಂತ ಒಂದು ಮೊಳ ಮೇಲೆ ಎದ್ದಿತು. ಎಲೆಗಳು ಅಗಲ, ದಟ್ಟ ಹಸಿರು, ಹತ್ತಿರ ಹೋದರೆ ಕಪ್ಪಾಗಿಯೇ ಕಾಣುವಷ್ಟು. ಪಕ್ಕದ ಓಬಳಮ್ಮನ ಹೊಲದಲ್ಲಿ ಹಳೇ ಗೊಬ್ಬರವನ್ನು ಹತ್ತು ಮಂಕರಿ ಎರಚಿದ್ದರು ಅಷ್ಟೇ. ಆಕೆಯ ಜೋಳ ಬಡಕಲಾಗಿ, ತಿಳಿ ಹಸಿರಾಗಿ ನಿಂತಿತ್ತು. ನಾನು ಅಪ್ಪನಿಗೆ ಕಾರ್ಡು ಬರೆದೆ. ನಾಲ್ಕನೇ ಕ್ಲಾಸು ಓದಿದವಳು ನಾನು, ಆ ಅಕ್ಷರ ಇವತ್ತಿಗೂ ಕಣ್ಣಿಗೆ ಕಟ್ಟಿದೆ. 'ನೀನು ಹೇಳಿದಂಗೆ ಆಗಿದೆ' ಅಂತ ಬರೆದಿದ್ದೆ. ಅತ್ತೆ ಪೈರು ನೋಡಿದರು, ಹೊಗಳಲಿಲ್ಲ. ಮೋಡ ನೋಡುತ್ತಿದ್ದರು.

ಆಷಾಢ ಕಳೆಯುತ್ತಲೇ ಮಳೆ ನಿಂತಿತು. ಶ್ರಾವಣದಲ್ಲಿ ಬರೀ ಗಾಳಿ. ಎರೆ ಮಣ್ಣು ಬಿರಿಯಲು ಶುರುವಾಯಿತು. ಓಬಳಮ್ಮನ ಬಡಕಲು ಜೋಳ ಬೆಳಗ್ಗೆ ಸಂಜೆ ತಲೆಯೆತ್ತಿ, ಮಧ್ಯಾಹ್ನ ಎಲೆ ಸುರುಳಿ ಮಾಡಿಕೊಂಡು ಹೇಗೋ ಕಾಲ ಕಳೆಯುತ್ತಿತ್ತು. ನಮ್ಮದು ಮಣ್ಣು ಬಿರಿದ ಮೂರನೆಯ ದಿನಕ್ಕೇ ಬಾಡಿತು. ಕೊಬ್ಬಿದ ಪೈರಿಗೆ ನೀರು ಜಾಸ್ತಿ ಬೇಕು. ಆ ನೀರು ಮಣ್ಣಿನಲ್ಲಿರಲಿಲ್ಲ. ಎಲೆಯ ತುದಿಗಳು ಸುಟ್ಟಂತೆ ಕೆಂಪಾದವು. ಆದರೆ ದೂರದಿಂದ ನೋಡಿದರೆ ಆ ಬಯಲಿನಲ್ಲೆಲ್ಲ ಹಸಿರಾಗಿ ಕಾಣುತ್ತಿದ್ದದ್ದು ಅದೊಂದೇ ತುಂಡು.

"ಹೊಲದಾಗೆ ಇರು ಅಮ್ಮಾಯಿ" ಅಂದರು ಅತ್ತೆ. "ದನ ಕುರಿ ಒಂದೂ ಒಳಕ್ಕೆ ಹೋಗಬಾರದು. ಎಲ್ಲಿಗೂ ಏಳಬೇಡ."

ಪೈರು ಉಳಿಸಿಕೊಳ್ಳಲು ಹೇಳುತ್ತಿದ್ದಾರೆ ಅಂದುಕೊಂಡೆ. ಬಾಡಿದ ಎಳೆ ಜೋಳ ಕುರಿಗೆ ವಿಷ ಅನ್ನುವುದು ನನಗೆ ಗೊತ್ತಿರಲಿಲ್ಲ. ನಮ್ಮ ಕಡೆ ರಾಗಿ, ಭತ್ತ. ಆ ಕಡೆಯ ಚಿಕ್ಕ ಮಕ್ಕಳಿಗೂ ಗೊತ್ತಿದ್ದ ಮಾತನ್ನು ಯಾರೂ ನನಗೆ ಬಿಡಿಸಿ ಹೇಳಲಿಲ್ಲ, ಗೊತ್ತಿರುತ್ತದೆ ಅಂದುಕೊಂಡರು.

ನಾಲ್ಕು ದಿನ ಕಾದೆ. ಜಾಲಿ ಮರದ ಕೆಳಗೆ ಕೂತು ಏಳುವುದು, ಎದ್ದು ಕೂರುವುದು. ಎದುರಿಗೆ ನನ್ನ ಕೈಯಾರೆ ಹಾಳು ಮಾಡಿದ ಪೈರು. ಊರಿಗೆ ಕಾರ್ಡು ಬೇರೆ ಬರೆದುಬಿಟ್ಟಿದ್ದೆ. ಅಪ್ಪ ನೋಡಲು ಬಂದರೆ ಏನು ಹೇಳಲಿ, ಬರದಿದ್ದರೆ ಹೇಗೆ ಇರಲಿ. ಐದನೆಯ ದಿನ ಮಧ್ಯಾಹ್ನ ದೂರದಲ್ಲಿ ಬಸ್ಸಿನ ಸದ್ದು ಕೇಳಿತು. ಅಪ್ಪ ಬಂದಿರಬಹುದು ಅನ್ನಿಸಿತು. ಒಂದು ಗಳಿಗೆ ನೋಡಿಕೊಂಡು ಬಂದುಬಿಡೋಣ ಅಂತ ಎದ್ದೆ. ಬಸ್ಸು ಬಂತು. ನಿಲ್ಲಲೇ ಇಲ್ಲ. ಅದು ಹೋದ ಮೇಲೂ ನಾನು ರಸ್ತೆಯಲ್ಲೇ ನಿಂತಿದ್ದೆ, ಎಷ್ಟು ಹೊತ್ತು ಅಂತ ತಿಳಿಯದು.

ಮಾರಕ್ಕನ ಕೂಗು ಕೇಳಿ ತಿರುಗಿದೆ.

ಅವಳು ಒಬ್ಬಳೇ ಮಂದೆಯನ್ನು ಹೊಂಡದ ಕಡೆ ನೀರಿಗೆ ಹೊಡೆದುಕೊಂಡು ಹೋಗುತ್ತಿದ್ದಳು. ಹಸಿದ ಕುರಿಗಳು. ಹಸಿರು ಕಂಡು ಮುಂದಿನ ಹತ್ತು ಹದಿನೈದು ಕುರಿ ಬದು ಹಾರಿ ಒಳಗೆ ನುಗ್ಗಿದ್ದವು. ನಾನು ಓಡಿಬರುವಷ್ಟರಲ್ಲಿ ಅವಳು ಅವನ್ನು ಹೊರಗೆ ಅಟ್ಟಿದ್ದಳು. ಆದರೆ ಬಾಯಿ ಹಾಕಿ ಆಗಿತ್ತು. ಸ್ವಲ್ಪ ಹೊತ್ತಿಗೆ ಒಂದು ಕುರಿ ಕಾಲು ತೊಡರಿ ಬಿತ್ತು. ಬಾಯಲ್ಲಿ ನೊರೆ. ಇನ್ನೊಂದು ಕತ್ತನ್ನು ಹಿಂದಕ್ಕೆ ಎಳೆದುಕೊಂಡು ಒದ್ದಾಡಿತು. ಅತ್ತೆ ಮನೆಯಲ್ಲಿದ್ದ ಬೆಲ್ಲವನ್ನೆಲ್ಲ ನೀರಿಗೆ ಹಾಕಿ ಕಲಕಿಕೊಂಡು ಓಡಿ ಬಂದರು. ಕಾಟಪ್ಪ, ಮಲ್ಲಣ್ಣ ಒಂದೊಂದಾಗಿ ಕುರಿಗಳ ಬಾಯಿ ಬಿಡಿಸಿ ಹುಯ್ದರು. ನಾನೂ ಒಂದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಅದು ನನ್ನನ್ನೇ ನೋಡುತ್ತಾ ಹೋಯಿತು.

ಏಳು ಸತ್ತವು. ಹೊತ್ತು ಮುಳುಗುವುದರೊಳಗೆ ಎಲ್ಲ ಮುಗಿಯಿತು. ವಿಷ ತಿಂದು ಸತ್ತ ಕುರಿ, ಊರಲ್ಲಿ ಯಾರೂ ಮುಟ್ಟಲಿಲ್ಲ. ಗುಂಡಿ ತೋಡಿ ಹೂಳಿದರು.

ಮಾರಕ್ಕ ಅಳಲಿಲ್ಲ. ಗುಂಡಿಯ ಪಕ್ಕ ಕೂತು, "ನಮ್ಮ ಕುರಿ ಹಾಕಿದ ಹಿಕ್ಕೇನೇ ನಮ್ಮ ಕುರೀನ ತಿಂದ್ಬುಡ್ತಲ್ಲ ಗಂಗಮ್ಮನೋರೆ" ಅಂದಳು.

"ಹೊಲ ನಂದು ಮಾರಕ್ಕ. ನಾನು ನೋಡ್ಕೋತೀನಿ" ಅಂದರು ಅತ್ತೆ.

ನಾನು ಹೊಲ ಬಿಟ್ಟು ರಸ್ತೆಗೆ ಹೋಗಿದ್ದೆ ಅಂತ ಅವರು ಯಾರ ಮುಂದೆಯೂ ಹೇಳಲಿಲ್ಲ. ಮಾರಕ್ಕನೂ ಹೇಳಲಿಲ್ಲ. ಅವಳು ನೋಡಿದ್ದಳು. ಅದೇ ನನಗೆ ತಡೆಯಲಾಗದೆ ಹೋಯಿತು. ಮಾರನೆಯ ದಿನ ಅತ್ತೆ ಒಲೆಯ ಮುಂದೆ ಇದ್ದಾಗ ಹೋಗಿ ನಿಂತೆ.

"ನಾನು ಊರಿಗೆ ಹೋಯ್ತೀನಿ ಅತ್ತೆ."

ಅವರು ರೊಟ್ಟಿ ಮಗುಚಿದರು. "ಬತ್ತೀಯಾ?" ಅಂದರು.

"ಕುರಿ ತತ್ತೀನಿ" ಅಂದೆ. ಆ ಮಾತು ಬಾಯಿಗೆ ಹೇಗೆ ಬಂತೋ. ನಿಜ ಹೇಳಬೇಕೆಂದರೆ ಹೋಗುವುದೊಂದೇ ನನ್ನ ಮನಸ್ಸಿನಲ್ಲಿತ್ತು. ಮರಳಿ ಬರುವ ಯೋಚನೆ ಇದ್ದದ್ದು ಅರ್ಧಂಬರ್ಧ. ಅತ್ತೆಗೂ ಅದು ತಿಳಿದಿತ್ತು ಅಂತ ಈಗ ಅನ್ನಿಸುತ್ತದೆ. ಆದರೂ ಬುತ್ತಿ ಕಟ್ಟಿಕೊಟ್ಟರು. ಹಿಂದೂಪುರದ ಬೆಲ್ಲದ ಮಂಡಿಗೆ ಹೊರಟಿದ್ದ ಊರಿನ ಗಂಡಹೆಂಡತಿ ಇಬ್ಬರ ಜೊತೆ ಮಾಡಿ ಕಳಿಸಿದರು. ಮಲ್ಲಣ್ಣ ರಸ್ತೆಯ ತನಕ ಬಂದರು. ಹಾಳಾದ ಜೋಳ ಕೊಯ್ದು ತೆಗೆಯುವ ಕೆಲಸ ಅವರಿಗಿತ್ತು. ಬಸ್ಸು ಬಂದಾಗ "ಹುಷಾರು" ಅಂದರು, ಅಷ್ಟೇ.

ತವರಿನಲ್ಲಿ ಕೆರೆ ಅರ್ಧ ತುಂಬಿತ್ತು. ಗದ್ದೆಯಲ್ಲಿ ನಾಟಿ ಮುಗಿದಿತ್ತು. ಅಪ್ಪ ನನ್ನ ಕಾರ್ಡನ್ನು ಊರಿಗೆಲ್ಲ ಓದಿಸಿದ್ದ. ನಾನು ಜಗಲಿಯಲ್ಲಿ ಕೂತು ಎಲ್ಲ ಹೇಳಿದೆ, ರಸ್ತೆಗೆ ಹೋದದ್ದನ್ನೂ ಹೇಳಿದೆ. ಅಪ್ಪ ಎಲ್ಲ ಕೇಳಿಸಿಕೊಂಡ. ಆಮೇಲೆ ಎದ್ದು ಕೊಟ್ಟಿಗೆಗೆ ಹೋದ. ನಮ್ಮ ಮನೆಯಲ್ಲಿ ಇಪ್ಪತ್ತರಷ್ಟು ಕುರಿ ಇದ್ದವು. ಎಳೆಯ ಪ್ರಾಯದ, ಈಯುವ ಕುರಿಗಳನ್ನೇ ಏಳು ಆರಿಸಿ ಬೇರೆ ಕಟ್ಟಿದ.

"ಮಗಳ ಅತ್ತೆ ಮನೆಗೆ ಕುರಿ ಹೊಡ್ಕೊಂಡು ಹೋಗೋ ಅಪ್ಪನ್ನ ಎಲ್ಲಾದರೂ ನೋಡಿದ್ದೀರಾ?" ಅಂತ ಅಮ್ಮ ಕೇಳಿದಳು.

"ನಿಲ್ಲಿಸು ಅಂತ ಹೇಳ್ದೋನು ನಾನು ಕಣೆ" ಅಂದ ಅಪ್ಪ.

ಕುರಿಗಳಿಗೆ ಬಸ್ಸಿಲ್ಲ. ನಡೆದೇ ಹೋಗಬೇಕು. ಅಪ್ಪ ಒಬ್ಬನೇ ಹೋಗುತ್ತೇನೆ ಅಂದ. ನಾಲ್ಕು ದಿನ ತವರಿನಲ್ಲಿ ಇದ್ದವಳಿಗೆ ಅಲ್ಲೂ ಕೂರಲು ಆಗುತ್ತಿರಲಿಲ್ಲ. ಕೆರೆ ಏರಿಯ ಮೇಲೆ ನಿಂತರೆ ಆ ಬಾಡಿದ ಜೋಳವೇ ಕಾಣುತ್ತಿತ್ತು. ನಾನೂ ಬರುತ್ತೇನೆ ಅಂದೆ. ಭಾದ್ರಪದದ ಒಂದು ಬೆಳಿಗ್ಗೆ ಹೊರಟೆವು. ರೊದ್ದಂ, ಪೇರೂರು, ಕಂಬದೂರು, ಅಲ್ಲಿಂದ ಕಲ್ಯಾಣದುರ್ಗ. ಏಳು ದಿನದ ದಾರಿ.

ರೊದ್ದಂ ಹತ್ತಿರ ಒಬ್ಬ ರೈತ ನಮ್ಮನ್ನು ದಾರಿಯಲ್ಲೇ ತಡೆದ. "ಏಳೇ ಆದರೂ ಪರವಾಗಿಲ್ಲ ಕಣಣ್ಣ, ನನ್ನ ಈರುಳ್ಳಿ ಮಡಿಯಾಗೆ ಕಟ್ಟು" ಅಂದ. ಮುದ್ದೆ, ಹುರುಳಿ ಸಾರು ಕೊಟ್ಟ. ಬೆಳಿಗ್ಗೆ ನಾವು ಎದ್ದು ಹೊರಡುವುದರೊಳಗೆ ಸನಿಕೆ ಹಿಡಿದು ಮಣ್ಣು ಮಗುಚುತ್ತಿದ್ದ, ಬಿಸಿಲು ಬಿದ್ದರೆ ಸತ್ವ ಹಾರಿಹೋಗುತ್ತದೆ ಅಂತ. ಪಕ್ಕದಲ್ಲೇ ತುಂಬಿದ ಬಾವಿ, ಕಪಿಲೆ ಹೊಡೆದು ನೀರೆತ್ತುವ ಎತ್ತುಗಳು. "ನೋಡಿದೆಯಾ" ಅಂದ ಅಪ್ಪ. ಅವನ ನಡಿಗೆ ಚುರುಕಾಯಿತು.

ಪೇರೂರಿನಲ್ಲಿ ಹೊಳೆಯ ಮರಳು ಕಲೆತ ಮಣ್ಣು. ಅಲ್ಲಿನ ಮುದುಕಿ ಕುರಿಗಳನ್ನು ತೋಟದೊಳಗೆ ಬಿಡಲಿಲ್ಲ, ಹಿತ್ತಲಲ್ಲಿ ಕಟ್ಟಿಸಿದಳು. ಬೆಳಿಗ್ಗೆ ಹಿಕ್ಕೆಗಳನ್ನು ಆಯ್ದು ಗಡಿಗೆಯಲ್ಲಿ ನೆನೆಹಾಕಿದಳು. ಆ ನೀರನ್ನು ಮೆಣಸಿನ ಗಿಡದ ಬುಡಕ್ಕೆ ಹುಯ್ಯುತ್ತಾಳಂತೆ.

"ಮಣ್ಣಿಗೇ ಹಾಕಬಾರದಾ ತಾಯಿ?" ಅಂದ ಅಪ್ಪ.

"ಮರಳಾಗೆ ಏನು ನಿಲ್ತದಪ್ಪಾ? ಒಂದು ಮಳೆ ಬಂದ್ರೆ ಎಲ್ಲಾ ಕೆಳಕ್ಕೆ ಹೋಯ್ತದೆ. ಗಿಡದ ಬಾಯಿಗೆ ಕೊಡಬೇಕು."

ಅಪ್ಪ ಕುರಿಗಳ ಹಗ್ಗ ಬಿಚ್ಚತೊಡಗಿದ.

ಕಂಬದೂರಿನ ಈಚೆ ಕೆಂಪು ಗರುಸು ನೆಲ, ಎಲ್ಲೆಲ್ಲೂ ಕಡ್ಲೆಕಾಯಿ. ಹುಣಸೆ ಮರದ ಕೆಳಗೆ ನಿಂತಿದ್ದ ಒಬ್ಬ ಹೆಂಗಸನ್ನು ಹೊಲದಲ್ಲಿ ಕುರಿ ಕಟ್ಟಬಹುದಾ ಅಂತ ಕೇಳಿದೆವು. ಅವಳು ತೆಲುಗಿನಲ್ಲಿ "ಒದ್ದಯ್ಯಾ", ಬೇಡಪ್ಪ, ಅಂದು, ಆಮೇಲೆ ಕನ್ನಡಕ್ಕೆ ಬಂದಳು. "ಹಸಿ ಗೊಬ್ಬರ ಹಾಕಿದ್ರೆ ಬರೇ ಎಲೆ ಬತ್ತದೆ, ಕಾಯಿ ಕಟ್ಟಲ್ಲ. ಮರದ ಕೆಳಗೆ ಕಟ್ಟು. ಕೆರೆ ಗೋಡು ಬೆರೆಸಿ ಮುಂದಿನ ವರ್ಷಕ್ಕೆ ಹಾಕ್ಕೋತೀನಿ." ಕೆರೆ ಗೋಡು ಅಂದರೆ ಒಣಗಿದ ಕೆರೆಯ ತಳದ ಮೆಕ್ಕಲು. ಒಂದು ಮೂಲೆಯಲ್ಲಿ ಅದರ ಗುಡ್ಡೆಯೇ ಇತ್ತು.

ಅಂದಿನಿಂದ ಅಪ್ಪ ಯಾರಿಗೂ ಏನೂ ಹೇಳಲಿಲ್ಲ. ಕೇಳುತ್ತಿದ್ದ. ಮಣ್ಣು ಬದಲಾದ ಕಡೆಯೆಲ್ಲ ಬಗ್ಗಿ ಒಂದು ಹಿಡಿ ತೆಗೆದುಕೊಂಡು ಉಜ್ಜಿ ನೋಡುತ್ತಿದ್ದ. ನಾನು ಮುಂದೆ, ಅವನು ಹಿಂದೆ. ನನ್ನ ಕಾಲಿನ ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತು. ಆದರೂ ನಿಂತರೆ ಸಂಕಟ, ನಡೆದರೆ ಸಮಾಧಾನ. ಕಲ್ಯಾಣದುರ್ಗ ದಾಟಿದ ಮೇಲೆ ಎರೆ ಮಣ್ಣು ಶುರುವಾಯಿತು. ಅಲ್ಲಿ ಯಾರೂ ನಮ್ಮನ್ನು ಹೊಲಕ್ಕೆ ಕರೆಯಲಿಲ್ಲ. ಒಬ್ಬ ತನ್ನ ರೊಪ್ಪದಲ್ಲಿ ಜಾಗ ಕೊಟ್ಟ, ಬೆಳಿಗ್ಗೆ ಗುಡಿಸಿ ರಾಶಿಗೆ ಸೇರಿಸಿದ.

ಏಳನೆಯ ದಿನ ಸಂಜೆ ಊರು ಮುಟ್ಟಿದೆವು. ಅತ್ತೆ ಬಾಗಿಲಲ್ಲಿದ್ದರು. ಕುರಿಗಳನ್ನು ನೋಡಿದರು, ನನ್ನ ಕಾಲು ನೋಡಿದರು. ಒಳಗೆ ಹೋಗಿ ಬಿಸಿನೀರು ತಂದಿಟ್ಟರು. ನನಗೆ ಬೇರೆಯವರು ಕಾಲಿಗೆ ನೀರು ತಂದುಕೊಟ್ಟದ್ದು ಆ ಮನೆಯಲ್ಲಿ ಅದೇ ಮೊದಲು. ನಾನು ಮುಖ ತಿರುಗಿಸಿಕೊಂಡೆ.

ಕಾಟಪ್ಪ, ಮಾರಕ್ಕ ಬಂದರು. ಕಾಟಪ್ಪ ಬೇಡ ಅಂದ. ಅಷ್ಟು ದೂರದಿಂದ ದೊಡ್ಡವರನ್ನು ನಡೆಸಿದ್ದಕ್ಕೆ ನಾಚಿಕೆಪಟ್ಟುಕೊಂಡ. ಮಾರಕ್ಕ ಒಂದೊಂದು ಕುರಿಯ ತುಟಿ ಎತ್ತಿ ಹಲ್ಲು ನೋಡಿದಳು, ಕೆಚ್ಚಲು ಮುಟ್ಟಿ ನೋಡಿದಳು. ಎರಡು ಗಬ್ಬವಾಗಿವೆ ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಕೆರೆ ನೀರು ಕುಡಿದಿರೋ ಕುರಿ. ಇಲ್ಲಿ ಹೊಂದ್ಕೊಳ್ಳೋ ತನಕ ಓಡೋಯ್ತವೆ. ನೀನು ಕಾಯಬೇಕು ಕಣಮ್ಮ" ಅಂದಳು. ಕಾಯಬೇಕು ಅನ್ನುವಾಗ ಅವಳು ನನ್ನ ಕಣ್ಣನ್ನೇ ನೋಡಿದಳು. "ಕಾಯ್ತೀನಿ" ಅಂದೆ.

ಮರುದಿನ ಬೆಳಿಗ್ಗೆ ಅಪ್ಪ ಹೊರಡುವ ಮುಂಚೆ ಅತ್ತೆಯ ಜೊತೆ ರಸ್ತೆ ಕಡೆಯ ಹೊಲಕ್ಕೆ ಹೋದ. ಜೋಳ ಕೊಯ್ದು ಬದುವಿನಲ್ಲಿ ಒಣಹಾಕಿದ್ದರು, ಪೂರಾ ಒಣಗಿದ ಮೇಲೆ ದನಕ್ಕೆ ಹಾಕಬಹುದು ಅಂತ. ಓಬಳಮ್ಮನ ಹೊಲದಲ್ಲಿ ಸಣ್ಣ ತೆನೆಗಳು ಹಾಲುಕಟ್ಟಿ ತೂಗುತ್ತಿದ್ದವು. ಅಪ್ಪ ಕುಕ್ಕರುಗಾಲಿನಲ್ಲಿ ಕೂತು ನಮ್ಮ ಹೊಲದ ಒಂದು ಬಿರುಕಿನಲ್ಲಿ ಕೈ ಇಳಿಸಿದ. ಮೊಣಕೈವರೆಗೂ ಹೋಯಿತು.

"ಹಿಂಗಾರಿ ಮಳೆ ಬಿದ್ದರೆ ಕಡಲೆ ಹಾಕ್ತೀನಿ ಬೀಗರೆ" ಅಂದರು ಅತ್ತೆ. "ಗೊಬ್ಬರ ಎಲ್ಲಿಗೂ ಹೋಗಿಲ್ಲ, ಮಣ್ಣಾಗೇ ಐತೆ. ಇನ್ನು ನಾಕು ವರ್ಷ ಈ ಹೊಲಕ್ಕೆ ಒಂದು ಮಂಕರಿ ಹಾಕೋ ಹಂಗಿಲ್ಲ. ನಿಧಾನಕ್ಕೆ ತಣ್ಣಗಾಯ್ತದೆ."

ಅಪ್ಪ ಕೈ ತೆಗೆದು ಮಣ್ಣು ಒರೆಸಿಕೊಂಡ. "ಇದು ನನಗೆ ಗೊತ್ತಿರೋ ಮಣ್ಣಲ್ಲ ಕಣಮ್ಮ" ಅಂದ ನನಗೆ. "ಇಲ್ಲಿ ನನ್ನ ಮಾತು ಕೇಳಬೇಡ. ನಿಮ್ಮತ್ತೇನ ಕೇಳು."

ನನ್ನಪ್ಪ ಬೇಸಾಯದ ವಿಷಯದಲ್ಲಿ ಇನ್ನೊಬ್ಬರನ್ನು ಕೇಳು ಅಂದದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಅವನು ಟವಲು ಹೆಗಲಿಗೆ ಹಾಕಿಕೊಂಡು ಕಂಬದೂರಿನ ದಾರಿ ಹಿಡಿದ. ಅವನು ಮರೆಯಾಗುವ ತನಕ ರಸ್ತೆಯಲ್ಲಿ ನಿಂತು ನೋಡಬೇಕು ಅಂತಿದ್ದೆ. ಅಷ್ಟರಲ್ಲಿ ರೊಪ್ಪದ ಕಡೆಯಿಂದ ಮಾರಕ್ಕ ಕೂಗಿದಳು. ಏಳು ಕುರಿಗಳೂ ಮಂದೆ ಬಿಟ್ಟು ಕಿತ್ತುಕೊಂಡು, ಅಪ್ಪನ ಹಿಂದೆ ತೆಂಕಣ ದಿಕ್ಕಿಗೆ ಓಡುತ್ತಿದ್ದವು.

ಒಡೆದ ಹಿಮ್ಮಡಿಯಲ್ಲೇ ಓಡಿದೆ. ಹೊಲಗಳಿಗೆ ಅಡ್ಡ ಹಾಯ್ದು, ಬದು ಹಾರಿ, ಅವುಗಳ ಮುಂದೆ ಹೋಗಿ ಕೈಯಗಲಿಸಿ ನಿಂತೆ. ಅವು ನನ್ನ ಎರಡೂ ಪಕ್ಕದಲ್ಲಿ ನುಸುಳಲು ನೋಡಿದವು. ದೂರದಲ್ಲಿ ಅಪ್ಪ ಸದ್ದು ಕೇಳಿ ನಿಂತ. ಹತ್ತಿರ ಬರಲಿಲ್ಲ. ಟವಲು ತೆಗೆದು ಬೀಸಿ ಅಟ್ಟಿದ. ಆಮೇಲೆ ತಿರುಗಿ ನಡೆದ. ನಾನು ಅವನ ಕಡೆ ಬೆನ್ನು ಮಾಡಿ, ಬಾರುಕೋಲಿನಂಥ ಒಂದು ಜಾಲಿ ಕೊಂಬೆ ಹಿಡಿದು, ಕುರಿಗಳನ್ನು ಊರಿನ ಕಡೆ ತಿರುಗಿಸಿದೆ. ಒಂದು ಬಂದರೆ ಇನ್ನೊಂದು ಹೋಗುತ್ತಿತ್ತು. ಗಬ್ಬದ ಕುರಿಯೊಂದು ಮೂರು ಸಲ ತಪ್ಪಿಸಿಕೊಂಡಿತು. ಕೊನೆಗೆ ಅದರ ಕಿವಿ ಹಿಡಿದು ಎಳೆದುಕೊಂಡೇ ಬಂದೆ.

ಬರುವಷ್ಟರಲ್ಲಿ ಹೊತ್ತು ಏರಿತ್ತು. ಅತ್ತೆ ಇನ್ನೂ ಹೊಲದಲ್ಲೇ ಇದ್ದರು, ಬಗ್ಗಿ ಜೋಳದ ಕೂಳೆ ಕೀಳುತ್ತಿದ್ದರು.

"ಎಲ್ಲಾ ಸಿಕ್ಕಿದವಾ?" ಅಂತ ಕೇಳಿದರು.

"ಏಳೂ ಸಿಕ್ಕಿದವು" ಅಂದೆ. ಅವನ್ನು ಮಾರಕ್ಕನ ಮಂದೆಗೆ ಸೇರಿಸಿ ಬಂದು, ಅತ್ತೆಯ ಪಕ್ಕದ ಸಾಲಿಗೆ ಇಳಿದೆ.